ಒಂದೇ ಸಲ ತೆರೆದ ಬಾಗಿಲು

“ಕೆಳಗಿನ ಕೀಲು ಮುರಿದರೆ ಬಾಗಿಲು ಬೀಳೋದಿಲ್ಲ ಕಣಮ್ಮ,” ಎಂದರು ಭಾವ, ಟೀ ಲೋಟ ಕೆಳಗಿಡದೆ.

ಇನ್ಸ್‌ಪೆಕ್ಟರಮ್ಮ ತಲೆ ಎತ್ತಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಫೈಲು ತೆರೆದಿತ್ತು. ಕೊನೆಯ ಪುಟದಲ್ಲಿ ಸಹಿಯೊಂದೇ ಬಾಕಿ. ಐಸ್ ಕಾರ್ಖಾನೆಯ ಮೇಸ್ತ್ರಿ ಮಂಗಳವಾರ ಬೆಳಿಗ್ಗೆ ಐಸ್ ಕೋಣೆಯ ಬಾಗಿಲಡಿ ಸಿಕ್ಕಿ ಸತ್ತು ಇವತ್ತಿಗೆ ಮೂರು ದಿನ. ಆ ಬಾಗಿಲಿನ ಕೆಳಗಿನ ಕೀಲಿಗೆ ಹೋದ ವಾರ ಬೆಸುಗೆ ಹಾಕಿದ್ದ ವೆಲ್ಡರ್ ಅಂದಿನಿಂದ ಲಾಕಪ್ಪಿನಲ್ಲಿದ್ದ. ಸಂಜೆ ಐದರೊಳಗೆ ವರದಿ ಕೋರ್ಟಿಗೆ ಹೋಗಬೇಕಿತ್ತು.

“ಭಾವ, ಬೆಸುಗೆ ಮುರಿದಿದೆ. ನಾನೇ ಕಣ್ಣಾರೆ ನೋಡಿದ್ದೀನಿ. ಬಾಗಿಲು ಬಿದ್ದಿದೆ. ಮನುಷ್ಯ ಸತ್ತಿದ್ದಾನೆ. ಇನ್ನೇನು ಬೇಕು?”

“ಬೆಸುಗೆ ಮುರೀತು ಅನ್ನೋದು ಸರಿ. ಯಾವಾಗ ಮುರೀತು?”

ಭಾವ ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕ್ಸ್ ಕಲಿಸಿದವರು. ನಿವೃತ್ತರಾಗಿ ಆರು ವರ್ಷವಾದರೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ. ಬೇರೆ ದಿನವಾಗಿದ್ದರೆ ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಇವತ್ತು ನಗುವಷ್ಟೂ ತ್ರಾಣವಿರಲಿಲ್ಲ. ಹಿಮ್ಮಡಿ ನೋವಿಗೆ ಒಂದು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡಿದ್ದಳು. ಇಪ್ಪತ್ತೇಳು ವರ್ಷದ ನೌಕರಿ ಆ ಹಿಮ್ಮಡಿಯಲ್ಲೇ ಕೂತಂತಿತ್ತು.

ಭಾವ ಎದ್ದು ಪಾತ್ರೆ ಕಪಾಟಿನ ಬಾಗಿಲು ತೆರೆದರು. ಅದರ ಮೇಲಿನ ಕೀಲು ತಿಂಗಳಿಂದ ಸಡಿಲವಾಗಿತ್ತು.

“ಬಾ, ಬೆರಳಿಡು ಇಲ್ಲಿ.”

“ಭಾವ…”

“ಇಡಮ್ಮ. ಒಂದು ನಿಮಿಷ.”

ಆಕೆ ಎದ್ದು ಹೋಗಿ ಮೇಲಿನ ಕೀಲಿನ ಸಂದಿಯಲ್ಲಿ ಬೆರಳಿಟ್ಟಳು. ಭಾವ ಬಾಗಿಲಿನ ಹೊರ ಅಂಚಿನ ಮೇಲೆ ಕೈಯೂರಿ ಮೆಲ್ಲಗೆ ಭಾರ ಬಿಟ್ಟರು. ಕೀಲು ಚೌಕಟ್ಟಿನಿಂದ ದೂರ ಸರಿದು ಸಂದಿ ಅಗಲವಾಯಿತು.

“ಈಗ ಕೆಳಗಿನದರಲ್ಲಿ ಇಡು.”

ಇಟ್ಟಳು. ಭಾವ ಮತ್ತೆ ಭಾರ ಬಿಟ್ಟರು. ಬೆರಳು ಚುರ್ರೆಂದಿತು. ಕೈ ಕಿತ್ತುಕೊಂಡಳು.

“ನೋಡಿದೆಯಾ? ಬಾಗಿಲಿನ ಭಾರ ಅದರ ನಡುವಿನಲ್ಲಿ ಕೆಳಕ್ಕೆ ಜಗ್ಗುತ್ತೆ. ಅದನ್ನ ಹಿಡಿದಿರೋ ಕೀಲುಗಳು ಒಂದು ಅಂಚಿನಲ್ಲಿವೆ. ಹಾಗಾಗಿ ಬಾಗಿಲು ಯಾವಾಗಲೂ ತಿರುಗಿ ಬೀಳೋಕೇ ನೋಡ್ತಿರುತ್ತೆ. ಭಾರ ಎಷ್ಟು, ಅದು ಕೀಲಿನಿಂದ ಎಷ್ಟು ದೂರ, ಎರಡನ್ನೂ ಗುಣಿಸಿದರೆ ತಿರುಗಿಸೋ ಶಕ್ತಿ, ಟಾರ್ಕು. ಅದನ್ನ ತಡೆಯೋಕೆ ಮೇಲಿನ ಕೀಲು ಬಾಗಿಲನ್ನ ಗೋಡೆ ಕಡೆಗೆ ಎಳೆದು ಹಿಡಿಯಬೇಕು. ಕೆಳಗಿನದು ಆಚೆಗೆ ಒತ್ತಿ ಹಿಡಿಯಬೇಕು. ಕೆಳಗಿನದು ಮುರಿದರೂ ಬಾಗಿಲು ಚೌಕಟ್ಟಿಗೇ ಒತ್ತಿಕೊಂಡು ನಿಲ್ಲುತ್ತೆ, ಉಜ್ಜುತ್ತೆ, ಕಿರುಗುಟ್ಟುತ್ತೆ. ಬೀಳಲ್ಲ. ಬೀಳಬೇಕಾದರೆ ಮೇಲಿನದು ಹೋಗಬೇಕು.”

“ಮತ್ತೆ ಬೆಸುಗೆ?”

“ಬಾಗಿಲು ಬೀಳುವಾಗ ಕೆಳಗಿನ ಕೀಲನ್ನ ತಿರುಚಿಕೊಂಡು ಬಿತ್ತು. ಆಗ ಮುರೀತು. ಎಂಥಾ ಬೆಸುಗೆಯಾದರೂ ಮುರೀತಿತ್ತು. ಆ ವೆಲ್ಡರ್ ಹುಡುಗನದೇನೂ ತಪ್ಪಿಲ್ಲ.”

ಆಕೆ ಫೈಲಿನತ್ತ ನೋಡಿದಳು. ಸಹಿ ಹಾಕಿ ಕಳಿಸಿದರೆ ಇವತ್ತಾದರೂ ಹಾಯಾಗಿ ಕಾಲು ಚಾಚಬಹುದು. ಮೇಲಧಿಕಾರಿ ಎರಡು ಸಲ ಫೋನ್ ಮಾಡಿ, “ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀರಾ?” ಎಂದು ಕೇಳಿಯಾಗಿತ್ತು.

ಠಾಣೆಯ ಬೆಂಚಿನ ಮೇಲೆ ವೆಲ್ಡರನ ಹೆಂಡತಿ ಮೂರು ದಿನದಿಂದ ಕೂತಿದ್ದಳು, ತೊಡೆಯ ಮೇಲೆ ಊಟದ ಕ್ಯಾರಿಯರ್ ಇಟ್ಟುಕೊಂಡು. ಅಳುವುದಿಲ್ಲ, ಬೇಡುವುದಿಲ್ಲ. ಇನ್ಸ್‌ಪೆಕ್ಟರಮ್ಮ ಹಾದುಹೋದಾಗಲೆಲ್ಲ ಎದ್ದು ನಿಲ್ಲುತ್ತಾಳೆ, ಅಷ್ಟೇ. ಬೈದಿದ್ದರೆ ಸಹಿಸಬಹುದಿತ್ತು. ಆ ಎದ್ದು ನಿಲ್ಲುವುದು ಸಹಿಸಲಾಗುತ್ತಿರಲಿಲ್ಲ.

ಆಕೆ ಪೆನ್ನಿನ ಮುಚ್ಚಳ ಹಾಕಿದಳು.

“ಚಪ್ಪಲಿ ಹಾಕ್ಕೊಳ್ಳಿ ಭಾವ. ಆ ಬಾಗಿಲನ್ನ ನೀವೇ ಬಂದು ನೋಡಿ. ತಪ್ಪಾದರೆ ಮಾತ್ರ ಅಕ್ಕನ ಹತ್ರ ದೂರು ಹೇಳ್ತೀನಿ.”

*

ಕಾರ್ಖಾನೆಯ ಅಂಗಳದಲ್ಲಿ ಯಜಮಾನರು ತಮ್ಮ ಕಾರಿನ ಪಕ್ಕದಲ್ಲೇ ಸಿಕ್ಕರು. ಬಿಳಿ ಅಂಗಿ, ಒಪ್ಪವಾಗಿ ಬಾಚಿದ ನರೆಗೂದಲು, ತಗ್ಗಿದ ದನಿ.

“ಬನ್ನಿ ಮೇಡಂ. ಮನೆಯವಳು ಸೋಮವಾರ ಮಧ್ಯಾಹ್ನವೇ ಮಗಳ ಮನೆಗೆ ಹೋದಳು. ಇಲ್ಲದಿದ್ದರೆ ಮನೆಯಿಂದಲೇ ಕಾಫಿ ತರಿಸ್ತಿದ್ದೆ.” ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇವರು?”

“ನಮ್ಮ ಭಾವ. ಬಾಗಿಲು ನೋಡೋಕೆ ಬಂದಿದ್ದಾರೆ.”

“ಇನ್ನೂ ನೋಡೋದಿದೆಯಾ?” ಎಂದರು. ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ಹೆಸರು ನೋಡಿ, ಒಳಗೆ ಹೋಗಿ ಎಂಬಂತೆ ಕೈ ಬೀಸಿ, ಮಾತಾಡುತ್ತ ಆಚೆ ನಡೆದರು.

ಐಸ್ ಕೋಣೆ ಬಾಗಿಲಿಲ್ಲದೆ ಬಾಯಿ ತೆರೆದು ನಿಂತಿತ್ತು. ಒಳಗೆ ಐಸ್ ಇರಲಿಲ್ಲ. ಒದ್ದೆ ಮರದ ಹೊಟ್ಟು, ಮೂಲೆಯಲ್ಲಿ ಗುಡ್ಡೆಹಾಕಿದ ಗೋಣಿಚೀಲ. ಬಿದ್ದ ಬಾಗಿಲನ್ನು ಎತ್ತಿ ಪಕ್ಕದ ಗೋಡೆಗೆ ಒರಗಿಸಿದ್ದರು. ಆರಿಂಚು ದಪ್ಪ, ಎರಡೂ ಕಡೆ ತಗಡು, ನಡುವೆ ಮರ. ತೂಕ ಇನ್ನೂರ ನಲವತ್ತು ಕಿಲೋ ಎಂದು ಪಂಚನಾಮೆಯಲ್ಲಿತ್ತು.

ಭಾವ ಮೊದಲು ಚೌಕಟ್ಟಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತರು. “ಉಜ್ಜಿದ ಗುರುತಿಲ್ಲ. ಬಣ್ಣ ಹಾಗೇ ಇದೆ. ಕೆಳಗಿನದು ಮೊದಲು ಹೋಗಿಲ್ಲ.”

ಆಮೇಲೆ ಏಣಿ ತರಿಸಿ ಮೇಲೆ ಹತ್ತಿದರು. ಮೇಲಿನ ಕೀಲನ್ನು ಮರದ ಚೌಕಟ್ಟಿಗೆ ಹಿಡಿದಿದ್ದ ನಾಲ್ಕು ಸ್ಕ್ರೂಗಳ ತೂತು ಅಲ್ಲಿದ್ದವು. ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು.

“ಆ ಸ್ಕ್ರೂಗಳು ಸಿಕ್ಕಿದ್ದವಾ?”

ಇನ್ಸ್‌ಪೆಕ್ಟರಮ್ಮ ದಾರಿಯಲ್ಲಿ ಠಾಣೆಯಿಂದ ಎತ್ತಿಕೊಂಡು ಬಂದಿದ್ದ ಸಾಕ್ಷ್ಯದ ಚೀಲದಿಂದ ನಾಲ್ಕನ್ನೂ ಕರವಸ್ತ್ರದ ಮೇಲೆ ಸುರಿದಳು. ಹೆಬ್ಬೆರಳ ಗಾತ್ರದವು, ಸ್ಪ್ಯಾನರ್ ಹಾಕಿ ತಿರುಗಿಸುವ ಆರು ಮೂಲೆಯ ತಲೆಯವು. ಮೂರು ದಿನದಿಂದ ಈ ಚೀಲ ಅವಳ ಬೀರುವಿನಲ್ಲೇ ಇತ್ತು. ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ನಾಚಿಕೆಯೆನಿಸಿತು. ನಾಚಿಕೆಪಡಲೂ ಆಯಾಸವಾಯಿತು.

ಒಂದು ಸ್ಕ್ರೂ ಕೊಕ್ಕೆಯಂತೆ ಬಾಗಿತ್ತು. ಅದರ ತಿರುಪಿನ ಸುರುಳಿಗಳ ತುಂಬ ಕಿತ್ತುಬಂದ ಮರದ ನಾರು. ಉಳಿದ ಮೂರು ನೆಟ್ಟಗಿದ್ದವು. ಅವುಗಳ ಸುರುಳಿಯಲ್ಲಿ ಗ್ರೀಸು ಬಿಟ್ಟರೆ ಒಂದೆಳೆ ನಾರೂ ಇಲ್ಲ.

“ತೂತುಗಳೂ ಹಾಗೇ,” ಎಂದರು ಭಾವ ಏಣಿಯ ಮೇಲಿಂದ. “ಒಂದು ತೂತು ಕಿತ್ತು ಬಾಯಗಲವಾಗಿದೆ. ಮೂರು ದುಂಡಗೆ, ಒಳಗೆ ಮರದಲ್ಲಿ ಮೂಡಿದ ಸುರುಳಿ ಕೂಡ ಹಾಳಾಗಿಲ್ಲ. ಎಳೆದು ಕಿತ್ತಿದ್ದಲ್ಲ, ತಿರುಗಿಸಿ ತೆಗೆದಿದ್ದು.”

“ಅಂದರೆ ಬಾಗಿಲು ಬೀಳೋ ಮೊದಲೇ.”

“ಮೊದಲೇ. ಬಾಗಿಲಿನ ಅಗಲ ನಾಲ್ಕಡಿ, ಭಾರ ಎರಡಡಿ ದೂರದಲ್ಲಿದೆ. ಕೀಲುಗಳ ನಡುವೆ ನಾಲ್ಕಡಿ. ಮೇಲಿನ ಕೀಲಿನ ಮೇಲೆ ನೂರಿಪ್ಪತ್ತು ಕಿಲೋ ಎಳೆತ. ನಾಲ್ಕು ಸ್ಕ್ರೂ ಹಂಚಿಕೊಂಡರೆ ತಲೆಗೆ ಮೂವತ್ತು, ಅದೇನೂ ಲೆಕ್ಕಕ್ಕಿಲ್ಲ. ಒಂದರ ಮೇಲೇ ಬಿದ್ದರೆ, ಅದೂ ಇಷ್ಟು ನೆನೆದ ಮರದಲ್ಲಿ…” ಅವರು ಮಾತು ಮುಗಿಸಲಿಲ್ಲ.

“ಬಿದ್ದಿದ್ದು ಬೆಳಿಗ್ಗೆ. ಸ್ಕ್ರೂ ತೆಗೆದಿದ್ದು ಹಿಂದಿನ ದಿನವಾದರೆ ರಾತ್ರಿಯೇ ಯಾಕೆ ಬೀಳಲಿಲ್ಲ?”

“ಮುಚ್ಚಿದಾಗ ಬಾಗಿಲಿನ ಆ ತುದಿ ಹೊಸ್ತಿಲ ಮೇಲೆ ಕೂತಿರುತ್ತೆ. ಕೀಲಿಗೆ ಎಳೆತವೇ ಇಲ್ಲ. ತೆರೆದಾಗ ತುದಿ ಗಾಳಿಯಲ್ಲಿ ನಿಲ್ಲುತ್ತೆ. ಮೊದಲು ತೆರೆದವರ ಮೇಲೆ ಬೀಳುತ್ತೆ.” ಏಣಿ ಇಳಿದು ಮಂಡಿ ಉಜ್ಜಿಕೊಂಡರು. “ಬುದ್ಧಿವಂತ ಕಣಮ್ಮ ಇದನ್ನ ಮಾಡಿದವನು. ನನ್ನ ವಿದ್ಯಾರ್ಥಿ ಆಗಿರದಿದ್ದರೆ ಸಾಕು.”

*

ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿಯುವವನು ಒಬ್ಬನೇ, ಯಂತ್ರ ನೋಡಿಕೊಳ್ಳುವ ಫಿಟ್ಟರ್. ಅವನ ಕೋಣೆ ಕಂಪ್ರೆಸರ್ ಶೆಡ್ಡಿನ ಹಿಂದಿತ್ತು. ಗೋಡೆಯ ಮೇಲೆ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತಿದ್ದವು. ಅವನು ಯಜಮಾನರ ಬಾಮೈದ, ಹೆಂಡತಿಯ ತಮ್ಮ. ವಯಸ್ಸು ನಲವತ್ತರ ಆಸುಪಾಸು. ಕ್ಷೌರ ಮಾಡಿಕೊಳ್ಳದೆ ಮೂರು ದಿನವಾಗಿರಬೇಕು.

ಇನ್ಸ್‌ಪೆಕ್ಟರಮ್ಮ ಸ್ಟೂಲು ಎಳೆದು ಕೂತು, ನಾಲ್ಕು ಸ್ಕ್ರೂಗಳನ್ನು ಅವನ ಕೆಲಸದ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಬಾಗಿದ್ದನ್ನು ಕೊನೆಯಲ್ಲಿ ಇಟ್ಟಳು.

ಅವನು ಅದನ್ನೇ ನೋಡಿದ.

“ಈ ಮೂರಕ್ಕೆ ಯಾವ ನಂಬರಿನ ಸ್ಪ್ಯಾನರ್ ಬೇಕಾಗುತ್ತೆ?”

“ಹದಿನೇಳು.” ಹೇಳಿದ ಮೇಲೆ ತುಟಿ ಕಚ್ಚಿಕೊಂಡ.

“ನಿನ್ನ ಸಾಲಲ್ಲಿ ಹದಿನೇಳು ಇಲ್ಲ.”

“ಎಲ್ಲೋ ಬಿದ್ದುಹೋಗಿದೆ.”

“ವೆಲ್ಡರ್ ಹೆಂಡತಿ ಇವತ್ತೂ ಊಟ ತಂದಿದ್ದಾಳೆ,” ಎಂದಳು ಆಕೆ ಏರದ ಇಳಿಯದ ದನಿಯಲ್ಲಿ. “ಸಂಜೆ ಐದಕ್ಕೆ ನಾನು ಸಹಿ ಹಾಕಿದರೆ ಅವನು ಜೈಲಿಗೆ ಹೋಗ್ತಾನೆ. ನೋಡಪ್ಪ, ನನಗೆ ಕೂಗಾಡೋ ಶಕ್ತಿ ಇಲ್ಲ. ಹೊಡೆಯೋ ಅಭ್ಯಾಸ ಮೊದಲೇ ಇಲ್ಲ. ನೀನಾಗಿ ಹೇಳಿದರೆ ಹೇಳು. ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ. ಕೂರೋಕೆ ನನಗೇನೂ ಬೇಜಾರಿಲ್ಲ.”

ಶೆಡ್ಡಿನಲ್ಲಿ ಕಂಪ್ರೆಸರ್ ಗುಂಯ್‌ಗುಡುತ್ತಿತ್ತು. ಭಾವ ಬಾಗಿಲ ಬಳಿ ನಿಂತು ತಮ್ಮ ಕನ್ನಡಕ ಒರೆಸಿಕೊಂಡರು.

“ಮೇಸ್ತ್ರಿ ಮೇಲೆ ನನಗೆ ದ್ವೇಷ ಇರಲಿಲ್ಲ,” ಎಂದ ಫಿಟ್ಟರ್ ಕೊನೆಗೆ.

“ಯಾರ ಮೇಲಿತ್ತು?”

“ಆ ಬಾಗಿಲನ್ನ ದಿನಾ ಬೆಳಿಗ್ಗೆ ಏಳು ಗಂಟೆಗೆ ಯಜಮಾನ್ರೇ ತೆಗೆಯೋದು. ಬೇರೆ ಯಾರಿಗೂ ಬಿಡಲ್ಲ. ಐಸ್ ಎಣಿಸಿಕೊಂಡೇ ಹಮಾಲರನ್ನ ಒಳಗೆ ಬಿಡೋದು.” ಅವನು ಬಾಗಿದ ಸ್ಕ್ರೂ ಎತ್ತಿ ಮತ್ತೆ ಇಟ್ಟ. “ನಮ್ಮಕ್ಕ ಎರಡು ಸಲ ಮೆಟ್ಟಿಲಿಂದ ಬಿದ್ದಳು ಮೇಡಂ. ಒಂದು ಸಲ ಕೈ, ಒಂದು ಸಲ ಪಕ್ಕೆಲುಬು. ಆಸ್ಪತ್ರೆ ಚೀಟಿಯಲ್ಲೂ ಹಾಗೇ ಬರೆಸಿದ್ದಾರೆ. ಆ ಮನೇಲಿ ಮೆಟ್ಟಿಲೇ ಇಲ್ಲ.”

ಅವನು ಸ್ಪ್ಯಾನರ್ ಸಾಲಿನಲ್ಲಿ ಖಾಲಿ ಇದ್ದ ಜಾಗದತ್ತ ನೋಡಿದ.

“ಸೋಮವಾರ ಸಂಜೆ ಎಲ್ಲರೂ ಹೊರಟ ಮೇಲೆ ಮೂರು ಸ್ಕ್ರೂ ತೆಗೆದೆ. ತೂತಿಗೆ ಗ್ರೀಸು ತುಂಬಿದೆ. ಮನೆಗೆ ಹೋದೆ. ಹೋದ ಮೇಲೆ ತಪ್ಪು ಮಾಡಿದೆ ಅನ್ನಿಸ್ತು. ಗೇಟಿಗೆ ಬೀಗ ಬಿದ್ದಿತ್ತು, ವಾಪಸ್ ಬಂದು ಹಾಕೋ ಹಾಗಿರಲಿಲ್ಲ. ಸೀದಾ ಮೇಸ್ತ್ರಿ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.”

ಇನ್ಸ್‌ಪೆಕ್ಟರಮ್ಮ ಬೆನ್ನು ನೆಟ್ಟಗೆ ಮಾಡಿದಳು. “ಮೇಸ್ತ್ರಿಗೆ ಗೊತ್ತಿತ್ತಾ?”

“ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ಕೂರಿಸಿ ಊಟಕ್ಕಿಕ್ಕಿದರು. ‘ಬೆಳಿಗ್ಗೆ ಆರೂವರೆಗೆ ಬಾ, ಇಬ್ಬರೂ ಸೇರಿ ಹಾಕೋಣ. ಆರಕ್ಕೆ ಗೇಟು ತೆಗೆದಾಗಿಂದ ನೀನು ಬರೋವರೆಗೆ ನಾನೇ ಆ ಬಾಗಿಲ ಮುಂದೆ ನಿಂತಿರ್ತೀನಿ, ಯಾರನ್ನೂ ಮುಟ್ಟೋಕೆ ಬಿಡಲ್ಲ’ ಅಂದರು.”

“ಹಾಗೆ ಹೇಳಿದವರು ತಾವೇ ಯಾಕೆ ತೆಗೆದರು?”

ಫಿಟ್ಟರ್ ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡ.

“ಯಾಕೆ ತೆಗೆದರು ಅಂತ ಕೇಳಿದೆ.”

“ಬೆಳಿಗ್ಗೆ ಆರರಿಂದ ಏಳರವರೆಗೆ ಕಂಪ್ರೆಸರ್ ನಿಲ್ಲಿಸ್ತೀವಿ. ಅಂಗಳಕ್ಕೆ ಕಾಲಿಟ್ಟೆ, ಎಲ್ಲ ನಿಶ್ಶಬ್ದ. ಎಲ್ಲಿಂದಲೋ ದಬ್, ದಬ್ ಅಂತ ಕೇಳಿಸ್ತು. ಮೇಸ್ತ್ರಿ ಕೂಗ್ತಿದ್ದರು, ‘ಇರಿ, ಇರಿ, ತೆಗೀತೀನಿ, ಹೆದರಬೇಡಿ’ ಅಂತ. ನಾನು ಓಡಿದೆ. ಓಡೋಷ್ಟರಲ್ಲಿ…” ಅವನು ಬಾಗಿದ ಸ್ಕ್ರೂವನ್ನು ಮೇಜಿನ ಆಚೆ ತುದಿಗೆ ತಳ್ಳಿದ. “ನನಗೆ ತಲೆ ಕೆಟ್ಟುಹೋಯ್ತು. ಓಡಿಹೋಗಿ ಶೆಡ್ಡಿನ ಹಿಂದಿರೋ ಹೊಟ್ಟಿನ ರಾಶಿ ಮರೆಯಲ್ಲಿ ಅಡಗಿದೆ. ಜನ ಸೇರಿದ ಮೇಲೆ ಬಂದು ಜೇಬಲ್ಲಿದ್ದ ಮೂರು ಸ್ಕ್ರೂನ ಅಲ್ಲೇ ಬೀಳಿಸಿದೆ.”

“ದಬ್ ದಬ್ ಅಂತ ಬಡೀತಿದ್ದದ್ದು ಯಾರು?”

“ಗೊತ್ತಿಲ್ಲ ಮೇಡಂ. ಆಮೇಲೆ ನೋಡಿದರೆ ಐಸ್ ಕೋಣೆಯಲ್ಲಿ ಯಾರೂ ಇರಲಿಲ್ಲ. ನನ್ನ ಭ್ರಮೆ ಅಂದ್ಕೊಂಡೆ.”

“ಭ್ರಮೆಗೆ ಹೆದರಬೇಡಿ ಅಂತ ಯಾರೂ ಹೇಳಲ್ಲ,” ಎಂದರು ಭಾವ. ಇಷ್ಟು ಹೊತ್ತು ಸುಮ್ಮನಿದ್ದವರ ದನಿ ಬದಲಾಗಿತ್ತು. “ಇನ್ನೊಂದು ಮಾತು ಯೋಚನೆ ಮಾಡಿ. ಮೂರು ಸ್ಕ್ರೂ ತೆಗೆದ ಮೇಲೆ ಆ ಬಾಗಿಲು ಒಂದೇ ಸಲ ತೆರೆಯೋಕೆ ಸಾಧ್ಯ. ಆ ಒಂದು ಸಲ ತೆರೆದವರು ಮೇಸ್ತ್ರಿ. ಹಾಗಾದರೆ ಒಳಗಿದ್ದವರು ಒಳಗೆ ಹೋಗಿದ್ದು ಯಾವಾಗ?”

ಇನ್ಸ್‌ಪೆಕ್ಟರಮ್ಮ ಆಗಲೇ ಎದ್ದು ನಿಂತಿದ್ದಳು.

*

ನಾಲ್ವರು ಹಮಾಲರು ಬಾಗಿಲನ್ನು ಗೋಡೆಯಿಂದ ಬಿಡಿಸಿ ತಿರುಗಿಸಿದರು. ಅದರ ಒಳಮುಖ ಮೂರು ದಿನದಿಂದ ಗೋಡೆಗೆ ಮುಖಮಾಡಿ ಇತ್ತು.

ತಗಡಿನ ಮೇಲೆ ನಗ್ಗುಗಳಿದ್ದವು. ಹತ್ತು ಹನ್ನೆರಡು ಇರಬಹುದು, ಎದೆಯ ಎತ್ತರದಲ್ಲಿ, ಒಂದರ ಮೇಲೊಂದು. ಯಾವುದೋ ಗಟ್ಟಿ ವಸ್ತುವಿನಿಂದ ಕುಟ್ಟಿದ್ದು. ಐಸ್ ತುಂಡೇ ಇರಬೇಕು.

ಭಾವ ಕೀಲಿನಿಂದ ನಗ್ಗುಗಳಿಗೆ ಗೇಣು ಹಾಕಿ ಅಳೆದರು. ಒಂದೇ ಗೇಣು.

“ಇಲ್ಲಿ ಕೆಲಸ ಮಾಡೋರಲ್ಲ,” ಎಂದರು. “ಬಾಗಿಲನ್ನ ತಳ್ಳಬೇಕಾದರೆ ಕೀಲಿನಿಂದ ಎಷ್ಟು ದೂರ ತಳ್ಳಿದರೆ ಅಷ್ಟು ಸುಲಭ. ಕೀಲಿನ ಪಕ್ಕ ಆನೆ ತಳ್ಳಿದರೂ ಪ್ರಯೋಜನವಿಲ್ಲ. ದಿನಾ ಈ ಬಾಗಿಲಲ್ಲಿ ಓಡಾಡೋರು ಕತ್ತಲಲ್ಲೂ ಆ ತುದಿಗೇ ಹೋಗ್ತಾರೆ. ಇವರಿಗೆ ಯಾವ ಕಡೆ ಕೀಲು, ಯಾವ ಕಡೆ ಚಿಲಕ ಅನ್ನೋದೇ ಗೊತ್ತಿರಲಿಲ್ಲ. ಪಾಪ, ಇಡೀ ರಾತ್ರಿ ತಪ್ಪು ಕಡೆಯೇ ಕುಟ್ಟಿದ್ದಾರೆ.”

ಒಬ್ಬ ಹಮಾಲ ಗೋಣಿಚೀಲದ ಗುಡ್ಡೆಯತ್ತ ನೋಡಿ, “ನಾವು ಚೀಲ ಹಾಗೆ ಇಡಲ್ಲ ಮೇಡಂ,” ಎಂದ. “ಮಡಚಿ ಇಡ್ತೀವಿ. ಇದು ಯಾರೋ ಹೊದ್ದುಕೊಂಡು ಮಲಗಿದ ಹಾಗಿದೆ.”

ಇನ್ಸ್‌ಪೆಕ್ಟರಮ್ಮ ಬಾಗಿಲಿನ ಅಂಚಿಗೆ ಸುತ್ತಿದ್ದ ರಬ್ಬರ್ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದಳು. ನಗ್ಗುಗಳ ಕೆಳಗೆ ಏನೋ ಚುಚ್ಚಿತು. ಉಗುರಿನಿಂದ ಮೀಟಿ ತೆಗೆದಳು. ಕನ್ನಡಕದ ಒಂದು ಕಡ್ಡಿ. ಮಡಿಸುವ ಜಾಗದಲ್ಲಿ ಪುಟ್ಟ ಮೊಳೆಯ ಬದಲು ತಾಮ್ರದ ತಂತಿ ಸುತ್ತಿತ್ತು. ನೀಟಾಗಿ, ಏಳೆಂಟು ಸುತ್ತು.

ಹಿಂದೆ ಏನೋ ಬಿದ್ದ ಸದ್ದಾಯಿತು. ಫಿಟ್ಟರ್ ನೆಲದ ಮೇಲೆ ಕೂತುಬಿಟ್ಟಿದ್ದ.

“ಆ ತಂತಿ ನಾನೇ ಸುತ್ತಿಕೊಟ್ಟಿದ್ದು,” ಎಂದ. “ಅಕ್ಕಂದು. ಅಂಗಡಿಗೆ ಕೊಡೋಣ ಅಂದರೆ ಬೇಡ ಅಂದಿದ್ದಳು.” ಉಸಿರು ಎಳೆದುಕೊಂಡ. “ಸೋಮವಾರ ಸಂಜೆ ನಾನು ಏಣಿ ಹಾಕಿ ಸ್ಕ್ರೂ ಬಿಚ್ಚುತ್ತಿದ್ದಾಗ ಅಕ್ಕ ಒಳಗಿದ್ದಳು. ಆರಿಂಚು ಆಚೆ. ಕಂಪ್ರೆಸರ್ ಸದ್ದಲ್ಲಿ ನನಗೆ ಏನೂ ಕೇಳಿಸಲಿಲ್ಲ.”

ಆಕೆ ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟಳು. ಅವನ ತೋಳು ಹಿಡಿದು ಎತ್ತಿ ನಿಲ್ಲಿಸಿದಳು.

“ಆಮೇಲೆ ಕೋಣೆಯಲ್ಲಿ ಯಾರೂ ಇರಲಿಲ್ಲ ಅಂದೆಯಲ್ಲ, ಅಂದರೆ ಅವರು ಹೊರಗೆ ಬಂದಿದ್ದಾರೆ. ಜೀವ ಇದೆ. ಕೇಳಿಸ್ತಾ? ಸೋಮವಾರ ಮಗಳ ಮನೆಗೆ ಹೋದಳು ಅಂತ ಯಜಮಾನರು ಹೇಳಿದ್ದು ಸುಳ್ಳು, ಆ ಬಾಗಿಲು ತೆಗೆದು ಹಾಕೋದೂ ಅವರೊಬ್ಬರೇ. ಆದರೆ ಮಂಗಳವಾರ ನಿಜವಾಗಿಯೂ ಅಲ್ಲಿಗೇ ಹೋಗಿರಬಹುದು. ಮಗಳಿಗೆ ಫೋನ್ ಮಾಡು. ಸ್ಪೀಕರ್ ಹಾಕು. ನಾನಿರೋದು ಹೇಳಬೇಡ.”

ಅವನ ಬೆರಳು ಎರಡು ಸಲ ತಪ್ಪು ಒತ್ತಿತು. ಮೂರನೇ ಸಲ ಹೋಯಿತು.

“ಮಾಮ!” ಹುಡುಗಿಯ ದನಿ ಹಗುರವಾಗಿತ್ತು. “ನಾನೇ ಮಾಡ್ಬೇಕು ಅಂತಿದ್ದೆ. ಅಮ್ಮ ಸಿಕ್ಕಿದಳು!”

“ಎಲ್ಲಿ… ಎಲ್ಲಿದ್ದಾಳೆ ಪುಟ್ಟಿ?”

“ಇಲ್ಲಿಗೆ ಬಂದಿಲ್ಲ. ನನ್ನ ಹಳೇ ಟೀಚರ್ ಮನೇಲಿದ್ದಾಳೆ. ಮೂರು ದಿನದಿಂದ ಫೋನೇ ಎತ್ತಿರಲಿಲ್ಲ ಮಾಮ, ಪ್ರಾಣ ಹೋಗಿತ್ತು ನನಗೆ. ಇವತ್ತು ಬೆಳಿಗ್ಗೆ ಟೀಚರ್ ನಂಬರಿಂದ ಮಾಡಿದಳು. ದನಿಯೇ ಇಲ್ಲ, ಕೆಮ್ಮು. ‘ಅಪ್ಪನಿಗೆ ಹೇಳಬೇಡ, ನನ್ನಾಣೆ’ ಅಂದಳು. ಏನೋ ಜಗಳ ಆಡಿಕೊಂಡಿದ್ದಾರೆ ಅಂದ್ಕೊಂಡೆ.”

“ಹೇಳಲಿಲ್ಲ ತಾನೆ?”

ಹುಡುಗಿಯ ದನಿ ತಗ್ಗಿತು.

“ಅಪ್ಪ ಎಷ್ಟು ಒದ್ದಾಡ್ತಿದ್ದರು ಗೊತ್ತಾ ಮಾಮ? ಪಾಪ ಅನ್ನಿಸ್ತು. ಈಗ ಅರ್ಧ ಗಂಟೆ ಹಿಂದೆ ನಾನೇ ಫೋನ್ ಮಾಡಿ ಹೇಳಿಬಿಟ್ಟೆ. ‘ನಾನೇ ಹೋಗಿ ಕರ್ಕೊಂಡು ಬರ್ತೀನಿ, ನೀನು ಯೋಚನೆ ಮಾಡಬೇಡ’ ಅಂದರು.”

ಇನ್ಸ್‌ಪೆಕ್ಟರಮ್ಮ ಅಂಗಳಕ್ಕೆ ಓಡಿದಳು. ಹಿಮ್ಮಡಿ ನೋವು ನೆನಪಿಗೇ ಬರಲಿಲ್ಲ. ಯಜಮಾನರ ಕಾರು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದು ಬಿಸಿಲಿಗೆ ಮಿನುಗುತ್ತಿತ್ತು.